ಇಲ್ಲೇ ಹುಟ್ಟಿದರೆ ಸಾಕಾ?

ನನಗೆ ಪದೇ ಪದೇ ಬರೋ ಪ್ರಶ್ನೆ: ಭಾರತದಲ್ಲಿ ಹುಟ್ಟಿದವರೆಲ್ಲ ಭಾರತೀಯರೇ ತಾನೆ? ಉತ್ತರ, ಯಾವಾಗ ಹುಟ್ಟಿದ್ದು ಅನ್ನೋದರ ಮೇಲಿದೆ.

ಬಿ.ಕಾಂ ಓದಿದ ನನಗೆ ಲೆಕ್ಕ ಮುಗಿಸೋ ತಾರೀಖು ಅಂದರೆ ಮಾರ್ಚ್ 31. ಪೌರತ್ವಕ್ಕೆ ಅಂಥ ತಾರೀಖು 1987ರ ಜುಲೈ 1. 1955ರ ಕಾಯ್ದೆಯ ಪ್ರಕಾರ, 1950ರ ಜನವರಿ 26ರಿಂದ ಆ ದಿನಕ್ಕೆ ಮೊದಲು ಇಲ್ಲಿ ಹುಟ್ಟಿದವರು, ರಾಜತಾಂತ್ರಿಕರ ಮಕ್ಕಳಂಥ ಕೆಲವರನ್ನು ಬಿಟ್ಟರೆ, ಹುಟ್ಟಿನಿಂದಲೇ ಪೌರರು. ಆಮೇಲೆ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಪೌರರಾಗಿರಬೇಕು. 2004ರ ಡಿಸೆಂಬರ್ 3ರಿಂದ ನಿಯಮ ಇನ್ನೂ ಬಿಗಿ: ಒಬ್ಬರು ಪೌರರಾಗಿದ್ದರೂ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಇದರ ಬಿಸಿ ತಟ್ಟಿದ್ದು ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಂಥ ಕಡೆ. 1960ರ ದಶಕದ ಶುರುವಿನಲ್ಲಿ ಟಿಬೆಟಿಯನ್ನರು ಅಲ್ಲಿ ಕಾಡು ಕಡಿದು ನೆಲೆ ನಿಂತರು. ಅಲ್ಲೇ ಹುಟ್ಟಿದ ಮಕ್ಕಳ ಕೈಗೂ ವಿದೇಶಿಯರ ನೋಂದಣಿ ಪತ್ರವೇ ಬಂತು. 1987ಕ್ಕೆ ಮೊದಲು ಹುಟ್ಟಿದ ಟಿಬೆಟಿಯನ್ನರೂ ಪೌರರೇ ಅಂತ ಕರ್ನಾಟಕ ಹೈಕೋರ್ಟ್ ಹೇಳಿದ್ದು 2013ರಲ್ಲಿ. ಮರುವರ್ಷ ಚುನಾವಣಾ ಆಯೋಗ ಅವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು.

ಈಗ ಒಂದು ಮನೆ ಊಹಿಸಿಕೊಳ್ಳಿ. ತಂದೆ-ತಾಯಿ ಇಬ್ಬರೂ ಟಿಬೆಟ್‌ನಲ್ಲಿ ಹುಟ್ಟಿದವರು. ಅಕ್ಕ 1986ರವಳು, ತಮ್ಮ 1988ರವನು. ಒಂದೇ ಶಾಲೆ, ಒಂದೇ ಊಟ. ಅಕ್ಕನಿಗೆ ವೋಟಿದೆ, ತಮ್ಮನಿಗಿಲ್ಲ.

ಅದಕ್ಕೇ ಯಾರು ಈ ಪ್ರಶ್ನೆ ಕೇಳಿದರೂ ನಾನು ಮೊದಲು ಹೇಳೋದು ಇಷ್ಟೇ: ನಿಮ್ಮ ಜನನ ಪ್ರಮಾಣಪತ್ರ ಹುಡುಕಿಟ್ಟುಕೊಳ್ಳಿ.