ಹೊಂದಿಕೊಂಡ ರೇಖೆ, ಹೊಂದದ ನಗರ: ಬೊಂಬಾಯಿ ಪ್ಲೇಗಿನ ಗಣಿತ ಮಾದರಿಯ ಮರುಪರಿಶೀಲನೆ

ಸಾಂಕ್ರಾಮಿಕಗಳ ಗಣಿತ ಓದಿದವರಿಗೆಲ್ಲ ಪರಿಚಿತವಾದ ಒಂದು ಚಿತ್ರ ಬೊಂಬಾಯಿಯ ಸಾವುಗಳಿಂದ ಹುಟ್ಟಿದ್ದು. 1905ರ ಡಿಸೆಂಬರ್ 17ರಿಂದ 1906ರ ಜುಲೈ 21ರವರೆಗೆ ಆ ದ್ವೀಪನಗರದಲ್ಲಿ ವಾರವಾರವೂ ಪ್ಲೇಗಿಗೆ ಬಲಿಯಾದವರ ಸಂಖ್ಯೆಯನ್ನು ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ತಮ್ಮ 1927ರ ಪ್ರಬಂಧದಲ್ಲಿ ಚುಕ್ಕಿಗಳಾಗಿ ಗುರುತಿಸಿ, ಅವುಗಳ ನಡುವೆ ಗಂಟೆಯಾಕಾರದ ರೇಖೆಯೊಂದನ್ನು ಎಳೆದರು. ಅದರ ಶಿಖರ 17ನೇ ವಾರದಲ್ಲಿ. ಎತ್ತರ ವಾರಕ್ಕೆ 890 ಸಾವು. ಚುಕ್ಕಿಗಳು ರೇಖೆಯನ್ನು ಬಿಟ್ಟು ದೂರ ಹೋಗುವುದೇ ಇಲ್ಲ. ಪಠ್ಯಪುಸ್ತಕಗಳು ಮೆಚ್ಚುವ ಈ ಹೊಂದಿಕೆಯನ್ನು ನಂಬಬಾರದೆಂಬುದು ಈ ಲೇಖನದ ವಾದ.

ಈ ರೇಖೆಯ ಹಿಂದಿನ ಮಾದರಿ ಸರಳವಾದುದು. ಸೋಂಕು ತಗುಲಬಹುದಾದವರು, ಸೋಂಕಿತರು, ಗುಣವಾಗಿಯೋ ಸತ್ತೋ ಹೊರಬಿದ್ದವರು ಎಂದು ಮೂರು ಗುಂಪು. ಮಜ್ಜಿಗೆಯಲ್ಲಿ ಉಪ್ಪು ಕರಗಿದ ಹಾಗೆ ಸೋಂಕಿತರು ಊರಿನಲ್ಲೆಲ್ಲ ಸಮನಾಗಿ ಬೆರೆತಿರುತ್ತಾರೆಂಬುದು ಗ್ರಹಿಕೆ. ಸೋಂಕಲು ಜನ ಕಡಿಮೆಯಾದಂತೆ ರೋಗ ತಾನಾಗಿ ಇಳಿಯುತ್ತದೆ.

ಈಗ ಲೆಕ್ಕ ಹಾಕಿ ನೋಡೋಣ. ರೇಖೆಯಡಿಯ ಸಾವುಗಳನ್ನು ಕೂಡಿದರೆ ಸುಮಾರು 8900. 1901ರ ಜನಗಣತಿಯಲ್ಲಿ ಬೊಂಬಾಯಿಯ ಜನಸಂಖ್ಯೆ 7.76 ಲಕ್ಷ. ಸೋಂಕಿತರಲ್ಲಿ ಹೆಚ್ಚಿನವರು ಸತ್ತರೆಂದು ಹಿಡಿದರೆ, ರೋಗ ನಿಂತದ್ದು ನೂರಕ್ಕೆ ಒಬ್ಬರನ್ನಷ್ಟೇ ಮುಟ್ಟಿ. ಆರಂಭದಲ್ಲಿ ಊರಿಗೆ ಊರೇ ಸೋಂಕಿಗೆ ತೆರೆದುಕೊಂಡಿತ್ತು, ಆಮೇಲೆ ಸೋಂಕಲು ಜನ ಸಾಲದೆ ರೋಗ ಇಳಿಯಿತು ಎನ್ನಬೇಕಾದರೆ ಮೂಲ ಪ್ರಸರಣ ಸಂಖ್ಯೆ (ಆರಂಭದಲ್ಲಿ ಒಬ್ಬ ರೋಗಿಯಿಂದ ಸರಾಸರಿ ಎಷ್ಟು ಜನರಿಗೆ ಸೋಂಕು ಹರಡುತ್ತದೆಂಬುದು) 1.006ರ ಆಸುಪಾಸಿನಲ್ಲಿರಬೇಕು. ಆದರೆ ಅದೇ ರೇಖೆಯ ಮೊದಲ ಭಾಗದಲ್ಲಿ ಸಾವು ವಾರದಿಂದ ವಾರಕ್ಕೆ ಒಂದೂವರೆ ಪಟ್ಟಾಗುತ್ತದೆ. ಎರಡೂ ಒಟ್ಟಿಗೆ ನಿಜವಾಗಬೇಕಾದರೆ ರೋಗಿಯೊಬ್ಬ ಸೋಂಕು ಹರಡುವ ಅವಧಿ ಸರಾಸರಿ ಎರಡು-ಮೂರು ಗಂಟೆ! ಅಂಥ ಪ್ಲೇಗನ್ನು ಯಾವ ವೈದ್ಯರೂ ಕಂಡಿಲ್ಲ.

ರೇಖೆಯನ್ನು ಇಳಿಸಿದ್ದು ಬೇರೆಯೇ. ಗಡ್ಡೆ ಪ್ಲೇಗು ಇಲಿಯ ಚಿಗಟದಿಂದ ಬರುವುದು. ಚಿಗಟದ ಬಾಳು ಬಿಸಿಲು ಮತ್ತು ತೇವಕ್ಕೆ ಕಟ್ಟುಬಿದ್ದದ್ದು. ಭಾರತದಲ್ಲಿ ವೈದ್ಯಕೀಯ ಸೇವೆಯಲ್ಲಿದ್ದ ಮೆಕೆಂಡ್ರಿಕ್‌ಗೆ ಇದು ತಿಳಿಯದ ಸಂಗತಿಯಲ್ಲ. ಮನುಷ್ಯರ ಪ್ಲೇಗು ಇಲಿಗಳ ಪ್ಲೇಗಿನ ಪ್ರತಿಬಿಂಬವೆಂದೂ ಸ್ಥಿರಾಂಕಗಳು ನಿಜಕ್ಕೂ ಸ್ಥಿರವಲ್ಲವೆಂದೂ ಇಬ್ಬರೂ ಒಪ್ಪಿಕೊಂಡಿದ್ದರು. ಆ ಎಚ್ಚರಿಕೆಯನ್ನು ಮರೆತದ್ದು ಅವರಲ್ಲ, ನಾವು. ಋತುಮಾನವನ್ನು ಸೇರಿಸಿ ಇದೇ ಪ್ಲೇಗನ್ನು ನಿಕೋಲಾ ಬಕೇರ್ ಮತ್ತೆ ವಿಶ್ಲೇಷಿಸಿದ್ದು 2012ರಲ್ಲಿ.

ಮಜ್ಜಿಗೆಯ ಗ್ರಹಿಕೆ ಅದೇ ನಗರದಲ್ಲಿ ಇನ್ನೊಮ್ಮೆ ಒಡೆಯಿತು. 2020ರ ಜುಲೈನಲ್ಲಿ ಮುಂಬಯಿಯ ಮೂರು ವಾರ್ಡುಗಳಲ್ಲಿ ಕೊರೋನಾ ಪ್ರತಿಕಾಯಗಳ ಸಮೀಕ್ಷೆ ನಡೆದಾಗ ಕೊಳೆಗೇರಿಗಳಲ್ಲಿ ಶೇ. 57, ಹೊರಗಿನ ಮನೆಗಳಲ್ಲಿ ಶೇ. 16 ಜನರಿಗೆ ಸೋಂಕು ತಗುಲಿತ್ತು. ಒಂದೇ ನಲ್ಲಿ, ಒಂದೇ ಶೌಚಾಲಯವನ್ನು ಹಲವು ಮನೆಗಳು ಹಂಚಿಕೊಳ್ಳುವ ಕಡೆ ‘ದೈಹಿಕ ಅಂತರ’ಕ್ಕೆ ಜಾಗವೆಲ್ಲಿ? ಈ ಎರಡು ಸಂಖ್ಯೆಗಳ ಸರಾಸರಿ ಎಷ್ಟೇ ಇರಲಿ, ಅದು ಯಾವ ಗಲ್ಲಿಯ ಅಪಾಯವನ್ನೂ ಹೇಳದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಜ್ಞರು 2020ರಲ್ಲಿ ಬೇರೆ ದಾರಿ ಹಿಡಿದರು. ಮನೆ, ಶಾಲೆ, ಕಚೇರಿ, ಪ್ರಯಾಣಗಳ ನಡುವೆ ಓಡಾಡುವ ಒಬ್ಬೊಬ್ಬ ನಿವಾಸಿಯನ್ನೂ ಕಂಪ್ಯೂಟರಿನಲ್ಲಿ ಕಟ್ಟಿ ಬೆಂಗಳೂರು, ಮುಂಬಯಿಗಳನ್ನು ಮರುಸೃಷ್ಟಿಸಿದರು. ವಿಧಾನ ಸರಿಯಾದದ್ದೇ. ಆದರೆ ಯಾವ ವಾರ್ಡಿನಲ್ಲಿ ಎಷ್ಟು ಮನೆ, ಮನೆಗೆಷ್ಟು ಜನ ಎಂಬುದಕ್ಕೆ ಅವರ ಕೈಯಲ್ಲಿದ್ದದ್ದು 2011ರ ಜನಗಣತಿ. 2021ರಲ್ಲಿ ನಡೆಯಬೇಕಿದ್ದ ಎಣಿಕೆ ಆ ವರ್ಷ ನಡೆಯಲಿಲ್ಲ.