ಮಹಾರಾಣಿಯಾಗಿ ಬಂದು ರಾಜ್ಯಪಾಲರ ಪತ್ನಿಯಾದವರು

ಗಾವಡಗೆರೆಯ ತರಗತಿಯಲ್ಲಿ ಮೈಸೂರು ಒಡೆಯರ ವಂಶಾವಳಿಯನ್ನು ನಿಮ್ಮಿಂದ ಬಾಯಿಪಾಠ ಮಾಡಿಸಿದ್ದು ನೆನಪಿರಬಹುದು. ಯದುರಾಯರಿಂದ ಜಯಚಾಮರಾಜ ಒಡೆಯರವರೆಗೆ ಇಪ್ಪತ್ತೈದು ಹೆಸರುಗಳು. ಆದರೆ ಕೊನೆಯ ಮಹಾರಾಜರ ಪಟ್ಟಮಹಿಷಿಯ ಹೆಸರೇನೆಂದು ನಾನು ಒಮ್ಮೆಯೂ ಕೇಳಲಿಲ್ಲ. ಆ ಲೋಪವನ್ನು ಇಂದು ತುಂಬಿಕೊಡುವ ಪ್ರಯತ್ನವಿದು.

ತ್ರಿಪುರಸುಂದರಿ ಅಮ್ಮಣ್ಣಿಯವರು ನಮ್ಮ ಸೀಮೆಗೆ ಪರಿಚಿತವಾದ ಅರಸು ಸಮುದಾಯದವರು. 1942ರಲ್ಲಿ ಜಯಚಾಮರಾಜ ಒಡೆಯರ ಕೈಹಿಡಿದರು. ಮಹಾರಾಜರಿಗೆ ಅದು ಎರಡನೆಯ ವಿವಾಹ. 1938ರಲ್ಲಿ ಜಿಗ್ನಿ ಸಂಸ್ಥಾನದ ರಾಜಕುಮಾರಿಯೊಡನೆ ಮೊದಲನೆಯದು ನಡೆದಿತ್ತು. ಅಮ್ಮಣ್ಣಿಯವರು ಅರಮನೆ ಸೇರಿದ ಐದೇ ವರ್ಷಗಳಲ್ಲಿ ದೇಶ ಸ್ವತಂತ್ರವಾಯಿತು. ಪತಿ 1950ರಲ್ಲಿ ರಾಜಪ್ರಮುಖರಾದರು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯದ ರಾಜ್ಯಪಾಲರಾದರು. 1964ರಲ್ಲಿ ಮದರಾಸಿಗೆ ವರ್ಗವಾಗಿ 1966ರವರೆಗೆ ಅಲ್ಲಿ ಅದೇ ಹುದ್ದೆಯಲ್ಲಿದ್ದರು. ಹೀಗೆ ಒಂದೇ ಜೀವಿತದಲ್ಲಿ ಅವರು ಆಳುವ ದೊರೆಯ ರಾಣಿಯೂ ಆದರು, ಗಣರಾಜ್ಯದ ರಾಜ್ಯಪಾಲರ ಪತ್ನಿಯೂ ಆದರು.

ಈ ಎರಡನೆಯ ಸ್ಥಾನಕ್ಕೆ ನಮ್ಮ ಸಂವಿಧಾನದಲ್ಲಿ ಅಧಿಕಾರವೂ ಇಲ್ಲ, ಕರ್ತವ್ಯವೂ ಇಲ್ಲ. ಹಿಂದೆ ವಾಣಿವಿಲಾಸ ಸನ್ನಿಧಾನದವರು ಮಗನು ಪ್ರಾಪ್ತವಯಸ್ಕನಾಗುವವರೆಗೆ, 1902ರ ತನಕ, ರಾಜಪ್ರತಿನಿಧಿಯಾಗಿ ರಾಜ್ಯವಾಳಿದರು. ಅವರ ಹೆಸರಿನಲ್ಲಿ ಜಲಾಶಯವಿದೆ, ಆಸ್ಪತ್ರೆಯಿದೆ. ಅಮ್ಮಣ್ಣಿಯವರಿಗೆ ಅಂಥ ಅವಕಾಶವನ್ನು ಕಾಲ ಕೊಡಲಿಲ್ಲ. ಐವರು ಹೆಣ್ಣುಮಕ್ಕಳು ಮತ್ತು ಒಬ್ಬ ಮಗನನ್ನು ಬೆಳೆಸುತ್ತ, ಕರಗುತ್ತಿದ್ದ ವೈಭವವನ್ನು ಒಳಗಿನಿಂದ ಕಂಡವರು ಅವರು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ವಾರ್ಷಿಕ 26 ಲಕ್ಷ ರೂಪಾಯಿಗಳ ರಾಜಧನವೂ ರಾಜಮನ್ನಣೆಯೂ ರದ್ದಾದವು.

1974 ಅವರಿಗೆ ಅತ್ಯಂತ ಕಠಿಣವಾದ ವರ್ಷ. ಹಿರಿಯ ಮಗಳು ಗಾಯತ್ರೀದೇವಿ ಇಪ್ಪತ್ತೆಂಟರ ಆಸುಪಾಸಿನಲ್ಲೇ ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರ್ 23ರಂದು ಪತಿಯೂ ಐವತ್ತೈದನೆಯ ವಯಸ್ಸಿನಲ್ಲಿ ಅಗಲಿದರು. ಅಮ್ಮಣ್ಣಿಯವರು 1982ರಲ್ಲಿ ನಿಧನರಾದರು. ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರು 1984ರಲ್ಲಿ ಮೊದಲ ಬಾರಿ ಲೋಕಸಭೆಗೆ ಆಯ್ಕೆಯಾದುದನ್ನು ಅವರು ನೋಡಲಿಲ್ಲ.

ಮುಂದಿನದು ಇನ್ನೂ ಗಮನಾರ್ಹ. ಶ್ರೀಕಂಠದತ್ತರು 2013ರಲ್ಲಿ ಸಂತಾನವಿಲ್ಲದೆ ತೀರಿಕೊಂಡಾಗ, ಅವರ ಪತ್ನಿ ಪ್ರಮೋದಾದೇವಿಯವರು 2015ರಲ್ಲಿ ದತ್ತು ಸ್ವೀಕರಿಸಿದ್ದು ಯದುವೀರರನ್ನು. ಯದುವೀರರು ಅಕಾಲಮೃತ್ಯುವಿಗೆ ತುತ್ತಾದ ಆ ಗಾಯತ್ರೀದೇವಿಯವರ ಮೊಮ್ಮಗ. ಅವರ ತಾಯಿಗೆ ಇಟ್ಟಿರುವುದು ಅಜ್ಜಿಯ ಹೆಸರು, ತ್ರಿಪುರಸುಂದರಿ. 2024ರಲ್ಲಿ ಮೈಸೂರು-ಕೊಡಗು ಕ್ಷೇತ್ರದಿಂದ ಲೋಕಸಭೆಗೆ ಆರಿಸಿಬಂದವರೂ ಇವರೇ.

ನಾನು ಬಾಯಿಪಾಠ ಮಾಡಿಸಿದ ವಂಶಾವಳಿ ಮುಂದುವರಿದದ್ದು ಮಗಳ ಕಡೆಯಿಂದ. ನಿಮ್ಮ ಮಕ್ಕಳಿಗೆ ಆ ಪಟ್ಟಿಯನ್ನು ಹೇಳಿಕೊಡುವಾಗ ಈ ಎರಡು ಹೆಸರುಗಳನ್ನೂ ದಯವಿಟ್ಟು ಸೇರಿಸಿ.