ಕ್ಷಣಿಕಾನಿಲಕ್ಕೆ ದೀಪ್ತಿಸಾಕ್ಷ್ಯ: ಹೈದರಾಬಾದಿನ ಒಂದು ಪ್ರಯೋಗದ ವಿಮರ್ಶೆ

ಜೀವಕೋಶದಲ್ಲಿ ಉದ್ಭವಿಸಿ, ಕೆಲವೇ ಕ್ಷಣಗಳಲ್ಲಿ ಲಯಹೊಂದುವುದಾದರೂ, ಆ ಅಲ್ಪಾವಧಿಯಲ್ಲಿಯೇ ನೆರೆಯ ಕೋಶಗಳಿಗೆ ಸಂಕೇತವನ್ನು ಮುಟ್ಟಿಸಬಲ್ಲ ಅನಿಲಗಳಲ್ಲಿ ನೈಟ್ರಿಕ್ ಆಕ್ಸೈಡ್ ಪ್ರಧಾನವಾದುದು. ರಕ್ತನಾಳಗಳಲ್ಲಿ ಅದರ ವ್ಯಾಪಾರವನ್ನು ಕಂಡುಹಿಡಿದುದಕ್ಕಾಗಿ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಎಂಬ ಮೂವರಿಗೆ ನೊಬೆಲ್ ಪಾರಿತೋಷಕವು ಸಂದ 1998ರಲ್ಲಿಯೇ, ಟೋಕಿಯೋದ ನಗಾನೋ ಮತ್ತು ಸಂಗಡಿಗರು ಡಿ.ಎ.ಎಫ್.-2 ಎಂಬ ಶೋಧಕಾಣುವನ್ನು ಪ್ರಕಟಪಡಿಸಿದರು. ಇದರ ಡೈಅಸಿಟೇಟ್ ರೂಪವು ಕೋಶಪೊರೆಯನ್ನು ದಾಟಿ ಒಳಹೊಕ್ಕು, ಅಲ್ಲಿನ ಎಸ್ಟರೇಸ್ ಕಿಣ್ವಗಳಿಂದ ಸೀಳಲ್ಪಟ್ಟು, ಆಮ್ಲಜನಕದ ಸನ್ನಿಧಿಯಲ್ಲಿ ನೈಟ್ರಿಕ್ ಆಕ್ಸೈಡಿನಿಂದ ಟ್ರೈಅಜೋಲ್ ಆಗಿ ಮಾರ್ಪಟ್ಟು, 515 ನ್ಯಾನೋಮೀಟರಿನ ಸುತ್ತಣ ಹಸುರು ಬೆಳಕನ್ನು ಸೂಸುತ್ತದೆ.

ಈ ಶೋಧಕವನ್ನು ಸಸ್ಯಪ್ರಪಂಚಕ್ಕೆ ಅನ್ವಯಿಸಿದವರಲ್ಲಿ ಹೈದರಾಬಾದ್ ವಿಶ್ವವಿದ್ಯಾನಿಲಯದ ಎ. ಎಸ್. ರಾಘವೇಂದ್ರ ಮತ್ತು ಸಹೋದ್ಯೋಗಿಗಳು ಗಣ್ಯರು. ನೀರಿನ ಕೊರತೆಯುಂಟಾದಾಗ ಆಬ್ಸಿಸಿಕ್ ಆಮ್ಲವು ಎಲೆಯ ಪತ್ರರಂಧ್ರಗಳನ್ನು ಮುಚ್ಚಿಸುತ್ತದೆಯಷ್ಟೆ. ಆಗ ಆ ರಂಧ್ರಗಳ ಇಕ್ಕೆಲದ ಕಾವಲುಕೋಶಗಳಲ್ಲಿ ಕ್ಷಾರತೆಯೂ ನೈಟ್ರಿಕ್ ಆಕ್ಸೈಡೂ ಏರುತ್ತವೆ. ಇವೆರಡರಲ್ಲಿ ಪೂರ್ವಭಾವಿ ಯಾವುದೆಂಬ ಪ್ರಶ್ನೆಯನ್ನೆತ್ತಿಕೊಂಡು, ಬಟಾಣಿ ಎಲೆಯ ಹೊರಪೊರೆಯ ಮೇಲೆ ಪ್ರಯೋಗ ನಡೆಸಿ, ಕ್ಷಾರತೆಯ ಏರಿಕೆ ಮೊದಲು, ಅನಿಲೋತ್ಪತ್ತಿ ಅನಂತರವೆಂದು ಅವರು 2008ರಲ್ಲಿ ಪ್ರತಿಪಾದಿಸಿದರು.

ಈ ನಿರ್ಣಯದ ಬೆಲೆಯನ್ನು ಅರಿಯಬೇಕಾದರೆ ಶೋಧಕದ ಮಿತಿಗಳನ್ನು ಗಮನಿಸಬೇಕು. ಒಮ್ಮೆ ಹೊತ್ತಿದ ಟ್ರೈಅಜೋಲ್ ಮರಳಿ ಆರದಾದ್ದರಿಂದ ಅದು ತೋರಿಸುವುದು ಆ ಕ್ಷಣದ ಅನಿಲಪ್ರಮಾಣವನ್ನಲ್ಲ, ಸಂಚಯವನ್ನು. ಮೇಲಾಗಿ ಮಾಧ್ಯಮದ ಪಿ.ಎಚ್. 7ಕ್ಕಿಂತ ಕೆಳಗಿಳಿದರೆ ಅದರ ಕಾಂತಿಯೇ ಕುಂದುತ್ತದೆ. ಬ್ಯುಟಿರೇಟ್‌ನಂತಹ ದುರ್ಬಲಾಮ್ಲವನ್ನು, ಕ್ಷಾರತೆಯ ಏರಿಕೆಯನ್ನು ತಡೆಯಲೆಂದು, ಕೂಡಿಸಿದಾಗ ಬೆಳಕು ತಗ್ಗಿತೆಂದರೆ, ತಗ್ಗಿದುದು ಅನಿಲವೋ ಅಥವಾ ಬರಿಯ ದೀಪ್ತಿಯೋ ಎಂಬ ಸಂದೇಹಕ್ಕೆ ಎಡೆಯುಂಟು. ಆದರೆ ಆಗ ರಂಧ್ರದ ಮುಚ್ಚುವಿಕೆಯೂ ಕುಂಠಿತವಾಗುವುದೆಂಬುದು, ಯಾವ ವರ್ಣದ್ರವ್ಯವನ್ನೂ ಅವಲಂಬಿಸದೆ ಸೂಕ್ಷ್ಮದರ್ಶಕದಲ್ಲಿ ಅಳೆದು ತಿಳಿಯಬಹುದಾದ ಸ್ವತಂತ್ರ ಸಾಕ್ಷ್ಯ. ಇಷ್ಟಾದರೂ ಆಮ್ಲದ ತಡೆಯು ಅನಿಲದ ಮೂಲಕವೇ ಪ್ರವರ್ತಿಸಿತೆಂದು ಸಿದ್ಧವಾಗಲಿಲ್ಲ. ಆಮ್ಲವಿರುವಾಗಲೇ ಅನಿಲವನ್ನು ಹೊರಗಿನಿಂದ ಒದಗಿಸಿ ರಂಧ್ರವು ಮುಚ್ಚುವುದೇ ಎಂದು ನೋಡುವುದು ತರ್ಕಸಮ್ಮತವಾದ ಮುಂದಿನ ಹೆಜ್ಜೆ.

ಇಲ್ಲಿ ಅನಿಲವನ್ನು ಬಿಡುವ ದಾತೃದ್ರವ್ಯದ ಆವಶ್ಯಕತೆ ಒದಗುತ್ತದೆ. ಬಹುಬಳಕೆಯ ಸೋಡಿಯಂ ನೈಟ್ರೋಪ್ರಸೈಡ್ ನೈಟ್ರಿಕ್ ಆಕ್ಸೈಡಿನ ಜೊತೆಗೆ ಸಯನೈಡನ್ನೂ ಬಿಡಬಲ್ಲುದಾದುದರಿಂದ, ಕಂಡ ಪರಿಣಾಮವು ಯಾವುದರದೆಂದು ಬೇರ್ಪಡಿಸುವುದು ಕಷ್ಟ. ಎಷ್ಟು ಅನಿಲ ಬಿಡುಗಡೆಯಾಯಿತೆಂಬುದನ್ನೂ ಅದು ತಾನಾಗಿ ತಿಳಿಸದು. ಈ ಕೊರತೆಯನ್ನು ನೀಗಲೆಂದೇ, ಅನಿಲವನ್ನು ಬಿಡುವ ಕ್ರಿಯೆಯೇ ದೀಪ್ತಿಯನ್ನೂ ಬೆಳಗಿಸುವಂತಹ ಅಣುಗಳನ್ನು ರಸಾಯನಜ್ಞರು ರಚಿಸಿದ್ದಾರೆ. ಮತ್ತೊಂದು ಸಂಕೇತಾನಿಲವಾದ ಹೈಡ್ರೋಜನ್ ಸಲ್ಫೈಡಿನ ವಿಷಯದಲ್ಲಿ ಅಮೆರಿಕದ ಆರೆಗನ್‌ನ ಪ್ಲುತ್, ನಮ್ಮಲ್ಲಿ ಪುಣೆಯ ಐಸರ್ ಸಂಸ್ಥೆಯ ಹರಿನಾಥ ಚಕ್ರಪಾಣಿ ಇವರ ತಂಡಗಳು ಈ ಮಾರ್ಗದಲ್ಲಿ ದುಡಿದಿವೆ: ದಾತೃವು ಸೀಳಿ ಹೊರಬಂದ ಕಾರ್ಬೊನಿಲ್ ಸಲ್ಫೈಡನ್ನು ಕೋಶದ ಕಾರ್ಬೊನಿಕ್ ಅನ್‌ಹೈಡ್ರೇಸ್ ಕಿಣ್ವವು ಹೈಡ್ರೋಜನ್ ಸಲ್ಫೈಡಾಗಿ ಪರಿವರ್ತಿಸುತ್ತದೆ.

ಆದರೂ ಇಂತಹ ಅಣುವಿನ ಬೆಳಕು ದಾತೃವು ಸೀಳಿದುದಕ್ಕೆ ಪ್ರಮಾಣವೇ ಹೊರತು, ಬಿಡುಗಡೆಯಾದ ಅನಿಲವು ಎಷ್ಟು ಹೊತ್ತು ಉಳಿಯಿತು, ಎಲ್ಲಿಗೆ ಸರಿಯಿತು ಎಂಬುದಕ್ಕಲ್ಲ. ಆದಕಾರಣ ಶೋಧಕ, ದಾತೃ, ಅನಿಲವನ್ನು ಹೀರುವ ಸಿ-ಪಿಟಿಐಓದಂತಹ ಶೋಷಕ, ಮತ್ತು ವರ್ಣನಿರಪೇಕ್ಷವಾದ ಶಾರೀರಿಕ ಮಾಪನ, ಈ ನಾಲ್ಕೂ ಏಕಾಭಿಪ್ರಾಯವನ್ನು ನುಡಿದಲ್ಲಿ ಮಾತ್ರ ಸಂಕೇತಾನಿಲದ ಕಾರ್ಯಕಾರಣಸಂಬಂಧವು ಸಿದ್ಧವಾಯಿತೆಂದು ಒಪ್ಪತಕ್ಕದ್ದು.